ಚಿಕ್ಕಿಯ ನೋಟ ಬಿಡಿಸಿದ ಬಗೆ

ಬಾರ್ಡರ್ ಕೋಲಿ ಎಂಬ ಕುರಿ ಅಟ್ಟುವ ತಳಿಯ ನಾಯಿ ಸಾಕಿದವರಿಗೆಲ್ಲ ಈ ಭಂಗಿ ಗೊತ್ತಿರುತ್ತದೆ. ದೂರದಲ್ಲಿ ಇನ್ನೊಂದು ನಾಯಿ ಕಂಡ ಕೂಡಲೇ ತಲೆ ಭುಜಕ್ಕಿಂತ ಕೆಳಗಿಳಿಯುತ್ತದೆ, ಬಾಲ ಜೋತು ಬೀಳುತ್ತದೆ, ಎತ್ತಿದ ಮುಂಗಾಲು ಎತ್ತಿದಲ್ಲೇ ನಿಂತುಬಿಡುತ್ತದೆ. ಮರುಗಳಿಗೆ ಹೊಟ್ಟೆ ನೆಲಕ್ಕೆ ತಾಗಿಸಿ ಮಲಗಿ, ರೆಪ್ಪೆ ಬಡಿಯದೆ ದಿಟ್ಟಿಸುತ್ತದೆ. ದಾರಿಹೋಕರು "ಎಷ್ಟ್ ಶಾಂತ ಐತ್ರೀ ನಿಮ್ ನಾಯಿ, ಸುಮ್ನೆ ಮಲಗೇತಿ ನೋಡ್ರಿ" ಅನ್ನುತ್ತಾರೆ. ಎದುರಿನ ನಾಯಿಗೆ ಹಾಗೆ ಕಾಣುವುದಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಬಿಡದೆ ನೋಡುವುದು ನಾಯಿಗಳ ನಡುವೆ ಬೆದರಿಕೆ. ಅಂಜುಬುರುಕ ನಾಯಿ ಬಾಲ ಮುದುರಿಕೊಂಡು ಓಡುತ್ತದೆ, ಗಟ್ಟಿ ನಾಯಿ ಬೊಗಳುತ್ತಾ ಮೇಲೇರಿ ಬರುತ್ತದೆ. ಎರಡರಲ್ಲಿ ಯಾವುದಾದರೂ ಕೋಲಿಗೆ ಖುಷಿಯೇ, ಯಾಕೆಂದರೆ ಎದುರಿನದು ಅಲುಗಿತಲ್ಲ!

ನಮ್ಮ ಕೋಲಿ ಚಿಕ್ಕಿ ಹೀಗೆ ದಿಟ್ಟಿಸುತ್ತಿದ್ದ ಕಾಲದಲ್ಲಿ ದಾವಣಗೆರೆ ವಿದ್ಯಾನಗರದ ನಮ್ಮ ಓಣಿಯಲ್ಲಿ ಬೆಳಗಿನ ವಾಕಿಂಗ್ ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೊಗಳಾಟ. ಈಗ ಅದೇ ಓಣಿಯಲ್ಲಿ ಅವಳು ಬೀದಿನಾಯಿಗಳ ಪಕ್ಕದಲ್ಲೇ ಸಡಿಲ ಬೆಲ್ಟಿನಲ್ಲಿ ನಡೆದು ಹೋಗುತ್ತಾಳೆ. ಅದು ಹೇಗಾಯಿತು ಅಂತ ಕೇಳುವವರು ಹೆಚ್ಚಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಕುರಿ ಅಟ್ಟುವ ವಂಶದ ನಾಯಿಗೆ ಬೇರೆ ನಾಯಿಗಳ ಭೇಟಿಯ ಶಿಸ್ತು ಕಲಿಸುವುದೆಂದರೆ ಮುಕ್ಕಾಲು ಪಾಲು ನೋಟ ಬಿಡಿಸುವ ಕೆಲಸ. ನೋಟ ಬಿಟ್ಟಿತೆಂದರೆ ಮೂಸುವುದು, ಬಾಲ ಆಡಿಸುವುದು, ಸರಿದು ಹೋಗುವುದು ಎಲ್ಲ ಅದಕ್ಕೇ ಬರುತ್ತದೆ.

ಈ ನೋಟ ಕೆಟ್ಟ ಚಾಳಿಯಲ್ಲ, ಅದನ್ನೇ ಆರಿಸಿ ಆರಿಸಿ ತಳಿ ಮಾಡಿದ್ದಾರೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯ ನಾರ್ಥಂಬರ್ಲೆಂಡ್‌ನಲ್ಲಿ ಆಡಮ್ ಟೆಲ್ಫರ್ ಎಂಬ ಕುರಿಗಾರನ ಹತ್ತಿರ 1893ರಲ್ಲಿ ಹುಟ್ಟಿದ 'ಓಲ್ಡ್ ಹೆಂಪ್' ಎಂಬ ಗಂಡುನಾಯಿ ಇವತ್ತಿನ ಬಾರ್ಡರ್ ಕೋಲಿಗಳ ಮೂಲಪುರುಷ. ಬೊಗಳದೆ, ಕಚ್ಚದೆ, ಬರೀ ಕಣ್ಣಿನಿಂದ ಕುರಿ ಸರಿಸುತ್ತಿತ್ತು ಅನ್ನುವುದೇ ಅದರ ಹೆಗ್ಗಳಿಕೆ. ಬೇಟೆಯ ಸರಪಳಿ ನಾಯಿಗಳಲ್ಲೆಲ್ಲ ಇದೆ: ಕಾಣುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು. ಕೋಲಿಯಲ್ಲಿ ಮೊದಲಿನ ಕೊಂಡಿಗಳನ್ನು ಬಲಪಡಿಸಿ, ಕಡೆಯವನ್ನು ಸಡಿಲಿಸಿದ್ದಾರೆ. ಕುರಿಯೇ ಇಲ್ಲದ ಊರಲ್ಲಿ ಆ ಕೊಂಡಿ ಸ್ಕೂಟಿಗೆ, ಆಡುವ ಮಕ್ಕಳಿಗೆ, ಎದುರು ಬರುವ ನಾಯಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ನಮ್ಮ ಕಡೆಯ ಕುರಿಗಾಹಿಗಳ ನಾಯಿ ಬೇರೆಯೇ. ಚಳ್ಳಕೆರೆ, ಜಗಳೂರು ಕಡೆಯಿಂದ ಬರುವ ಮಂದೆಗಳ ಜೊತೆ ಇರುವ ನಾಯಿಗಳು ಕುರಿ ಅಟ್ಟುವುದಿಲ್ಲ. ಅಟ್ಟುವ ಕೆಲಸ ಕುರಿಗಾಹಿಯ ಕೂಗು ಮತ್ತು ಕೋಲಿನದು. ನಾಯಿಗಳದ್ದು ತೋಳ, ಕಳ್ಳರಿಂದ ರಾತ್ರಿ ಕಾವಲು. ಊರಾಚೆ ಬೀಡುಬಿಟ್ಟಿದ್ದ ಮಂದೆಯೊಂದರ ಹಿರಿಯರಿಗೆ ಚಿಕ್ಕಿಯನ್ನು ತೋರಿಸಿದಾಗ ಅವರು ಬಹಳ ಹೊತ್ತು ಅವಳನ್ನೇ ನೋಡಿ, "ಇದು ಕಾಯೋ ನಾಯಿ ಅಲ್ಲವ್ವ, ದುಡಿಯೋ ನಾಯಿ. ಇದಕ್ಕ ಕೆಲಸ ಕೊಡು" ಅಂದರು. ನಾನು ಕೇಳಿದ ಎಷ್ಟೋ ಸಲಹೆಗಳಿಗಿಂತ ಈ ಮಾತು ಉಪಯೋಗಕ್ಕೆ ಬಂತು.

ಜರ್ಮನ್ ಶೆಫರ್ಡ್ ಸಾಕಿದವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ. 1899ರಲ್ಲಿ ತಳಿಯಾಗಿ ದಾಖಲಾದ ಅದೂ ಮೂಲತಃ ಕುರಿನಾಯಿಯೇ. ಆದರೆ ಅದರ ಕೆಲಸ ಮಂದೆ ಬೆಳೆಯೊಳಗೆ ನುಗ್ಗದಂತೆ ಅಂಚಿನುದ್ದಕ್ಕೂ ಓಡಾಡಿ ತಡೆಯುವುದು. ಹಾಗಾಗಿ ಅದು ಮಲಗಿ ದಿಟ್ಟಿಸುವುದಕ್ಕಿಂತ ಮುನ್ನುಗ್ಗಿ ಬೊಗಳುವುದೇ ಹೆಚ್ಚು. ಮದ್ದು ಎರಡಕ್ಕೂ ಒಂದೇ: ದೂರ, ಮತ್ತು ಆ ದೂರದಲ್ಲಿ ಮಾಡಲು ಒಂದು ಕೆಲಸ.

ನಾಯಿಗಳ ಶಿಷ್ಟಾಚಾರ ಏನೆಂದು ನಾನು ಕಲಿತದ್ದು ನಮ್ಮ ಓಣಿಯ ಕೆಂಪಿಯಿಂದ. ವಯಸ್ಸಾದ ಬೀದಿನಾಯಿ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವುದರ ಗುರುತಿಗೆ ಕಿವಿ ತುದಿಯಲ್ಲಿ ಕಚ್ಚು ಇದೆ. ಹೊಸ ನಾಯಿ ಓಣಿಗೆ ಬಂದಾಗ ಅವಳು ನೇರವಾಗಿ ಎದುರು ಹೋಗುವುದೇ ಇಲ್ಲ. ನೆಲ ಮೂಸುತ್ತಾ, ಬೇರೆ ಎಲ್ಲೋ ಹೊರಟವಳಂತೆ ಬಳಸಿಕೊಂಡು ಬರುತ್ತಾಳೆ. ಮುಖ ಅತ್ತ ತಿರುಗಿಸುತ್ತಾಳೆ, ಮೂಗು ನೆಕ್ಕಿಕೊಳ್ಳುತ್ತಾಳೆ. ಆಮೇಲೆ ಪಕ್ಕದಿಂದ ಬಂದು ಹಿಂಭಾಗ ಮೂಸಿ, ಎರಡು ಮೂರು ಸೆಕೆಂಡಿಗೆಲ್ಲ ದೂರ ಸರಿದು ಒಮ್ಮೆ ಮೈ ಕೊಡವಿಕೊಳ್ಳುತ್ತಾಳೆ. ಪರಿಚಯವಿಲ್ಲದ ಮನೆಗೆ ಹೋದಾಗ ನಾವು ಬಾಗಿಲಲ್ಲೇ ನಿಂತು "ಯಾರಿದೀರ್ರೀ ಮನೇಲಿ" ಅಂತ ಕೂಗಿ, ಕರೆದ ಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೇವಲ್ಲ, ಹಾಗೆ. ಗುದದ ಪಕ್ಕದ ಗ್ರಂಥಿಗಳ ವಾಸನೆಯಲ್ಲೇ ನಾಯಿಗೆ ಬೇಕಾದ ಪರಿಚಯವೆಲ್ಲ ಸಿಗುತ್ತದೆ, ಆದ್ದರಿಂದ ಮೂಸುವುದನ್ನು ಅಸಹ್ಯವೆಂದು ಎಳೆದು ತಪ್ಪಿಸಬಾರದು. ಮೂತಿಗೆ ಮೂತಿ ಕೊಟ್ಟು ನಿಲ್ಲುವುದನ್ನು ಮಾತ್ರ ತಪ್ಪಿಸಬೇಕು.

ಚಿಕ್ಕಿಯ ಪಾಠ ಶುರುವಾದದ್ದು ರಸ್ತೆಯಲ್ಲಲ್ಲ, ತಾರಸಿಯ ಮೇಲೆ. ಅಲ್ಲಿಂದ ಕೆಳಗಿನ ನಾಯಿಗಳು ಕಾಣುತ್ತವೆ, ಆದರೆ ಯಾವುದೂ ಹತ್ತಿರ ಬರುವುದಿಲ್ಲ. ಅವಳು ಕೆಳಗಿನ ನಾಯಿಯನ್ನು ನೋಡಿದ ಕ್ಷಣವೇ ನಾನು "ಹೂಂ" ಅನ್ನುತ್ತಿದ್ದೆ, ಬಾಯಿಗೆ ಒಂದು ತುಂಡು ಪನೀರ್. ನೋಡಿದಳು, "ಹೂಂ", ಪನೀರ್. ಹೀಗೇ ಮಾಡುತ್ತಾ ಹೋದರೆ ನಾಯಿ ಕಂಡ ಕೂಡಲೇ ಅವಳೇ ತಿರುಗಿ ನನ್ನ ಮುಖ ನೋಡುವ ಹಂತ ಬರುತ್ತದೆ. ನೋಡುವುದನ್ನು ನಿಷೇಧಿಸಲಿಲ್ಲ, ಗದರಿಸಲಿಲ್ಲ. ನೋಡಿ, ಬಿಟ್ಟು, ನನ್ನ ಹತ್ತಿರ ವರದಿ ಒಪ್ಪಿಸುವುದೇ ಅವಳ ಕೆಲಸವಾಯಿತು. ಕುರಿಗಾಹಿ ಹಿರಿಯರು ಹೇಳಿದ ಕೆಲಸವನ್ನು ನಾನು ಹೀಗೆ ಅರ್ಥಮಾಡಿಕೊಂಡೆ.

ತಿಂಡಿಯ ವಿಷಯ. ನಮ್ಮ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ, ಹಾಗಾಗಿ ಪನೀರ್, ಬೇಯಿಸಿದ ಸಿಹಿಗೆಣಸು, ಕ್ಯಾರೆಟ್. ಕಡಲೆಕಾಳಿನಷ್ಟು ತುಂಡು ಸಾಕು, ಅದನ್ನು ಅವಳ ಊಟದಲ್ಲೇ ಕಳೆಯುತ್ತೇನೆ. ಮಾಂಸ ತಿನ್ನಿಸುವವರು ಉಪ್ಪು ಮಸಾಲೆ ಹಾಕದೆ ಬೇಯಿಸಿದ ಕೋಳಿ ಕೊಟ್ಟರೆ ಇನ್ನೂ ಬೇಗ ಕಲಿಯುತ್ತವೆ. ನಮ್ಮೂರಲ್ಲಿ ಪ್ರೀತಿಯಿಂದ ನಾಯಿಗೂ ಖಾರ ಮಂಡಕ್ಕಿ ಹಾಕುವವರಿದ್ದಾರೆ, ದಯವಿಟ್ಟು ಬೇಡ. ಈರುಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತದೆ.

ತಾರಸಿ ಆದ ಮೇಲೆ ಶಾಮನೂರು ಕಡೆಯ ಹೊಸ ಬಡಾವಣೆಗಳು. ರಸ್ತೆ ಆಗಿದೆ, ಮನೆ ಎದ್ದಿಲ್ಲ, ಎರಡೂ ಕಡೆ ಖಾಲಿ ಸೈಟು. ಇಂಥ ಜಾಗ ನಾಯಿ ತರಬೇತಿಗೆ ವರ, ದೂರ ಎಷ್ಟು ಬೇಕೋ ಅಷ್ಟು ಸಿಗುತ್ತದೆ. ಕುಂದುವಾಡ ಕೆರೆ ಕಡೆ ಬೆಳಗ್ಗೆ ಜನಸಂದಣಿ ಜಾಸ್ತಿ, ಅದನ್ನು ಕಲಿತ ಮೇಲಿನ ಪರೀಕ್ಷೆಗೆ ಇಟ್ಟುಕೊಳ್ಳಬೇಕು, ಕಲಿಕೆಗಲ್ಲ.

ದೂರ ಸರಿಯಿದೆಯೋ ಇಲ್ಲವೋ ಅಂತ ನಾಯಿಯ ಬಾಯಿ ಹೇಳುತ್ತದೆ. ತೆರೆದ ಬಾಯಿ, ಹೊರಗೆ ಜೋಲುವ ನಾಲಿಗೆ ಇದ್ದರೆ ಚಿಕ್ಕಿ ಯೋಚನೆ ಮಾಡುವ ಸ್ಥಿತಿಯಲ್ಲಿದ್ದಾಳೆ. ಬಾಯಿ ಟಪ್ ಅಂತ ಮುಚ್ಚಿತೆಂದರೆ ಮುಂದಿನದು ಕಿವಿ ಮುಂದಕ್ಕೆ, ಆಮೇಲೆ ನಡಿಗೆ ನಿಧಾನ, ಆಮೇಲೆ ಎತ್ತಿದ ಕಾಲು, ಆಮೇಲೆ ನೆಲ. ನೆಲಕ್ಕೆ ಕೂತ ಮೇಲೆ ಕರೆದರೆ ಕಿವಿಗೆ ಬೀಳುವುದಿಲ್ಲ, ಪನೀರ್ ಮೂಗಿಗೆ ಹಿಡಿದರೂ ವಾಸನೆ ಹತ್ತುವುದಿಲ್ಲ. ಬಾಯಿ ಮುಚ್ಚುವುದಕ್ಕೂ ಕಾಲು ನಿಲ್ಲುವುದಕ್ಕೂ ನಡುವೆ ಇರುವ ಒಂದೆರಡು ಸೆಕೆಂಡೇ ನನ್ನದು. ಆಗ "ಬಾ ಹೋಗಣ" ಅಂತ ಹಗುರವಾದ ದನಿಯಲ್ಲಿ ಹೇಳಿ, ಬಂದ ದಾರಿಗೆ ಓರೆಯಾಗಿ ತಿರುಗಿ ನಡೆದುಬಿಡುತ್ತೇನೆ. ಬೆಲ್ಟು ಜಗ್ಗುವುದಿಲ್ಲ. ಬೆಲ್ಟು ಬಿಗಿಯಾದರೆ ಅವಳ ಎದೆ ಮುಂದಕ್ಕೆ, ತಲೆ ಮೇಲಕ್ಕೆ ಬಂದು ಎದುರಿನ ನಾಯಿಗೆ ಜಗಳಕ್ಕೆ ನಿಂತ ಹಾಗೆ ಕಾಣುತ್ತದೆ. ಅವಳಿಗೂ ಬೇರೆ ನಾಯಿ ಅಂದರೆ ಕತ್ತು ಬಿಗಿಯುವುದು ಅಂತಲೇ ಮನಸ್ಸಿಗೆ ಕೂರುತ್ತದೆ. ಅದಕ್ಕೇ ಕತ್ತಿನ ಚೈನು ಬಿಟ್ಟು, ಭುಜ ಆಡಲು ಬಿಡುವ ಎದೆಪಟ್ಟಿ ಮತ್ತು ಸುಮಾರು 3 ಮೀಟರ್ ಉದ್ದದ ಹತ್ತಿ ಬೆಲ್ಟು ಬಳಸುತ್ತೇನೆ. ಗುಂಡಿ ಒತ್ತಿದರೆ ಸುರುಳಿ ಬಿಚ್ಚುವ ಬೆಲ್ಟು ಈ ಕೆಲಸಕ್ಕೆ ಆಗುವುದಿಲ್ಲ, ಅದರಲ್ಲಿ ಸದಾ ಒಂದು ಎಳೆತ ಇದ್ದೇ ಇರುತ್ತದೆ.

ಭೇಟಿಗೆ ಮೊದಲ ಜೊತೆಗಾರ ಪಕ್ಕದ ರಸ್ತೆಯ ಲ್ಯಾಬ್ರಡಾರ್ ಬ್ರೂನೋ. ಅದರ ಯಜಮಾನರು ನಿವೃತ್ತ ಮೇಷ್ಟ್ರು, ಬಹಳ ತಾಳ್ಮೆಯವರು. ಎರಡೂ ನಾಯಿಗಳನ್ನು ಎದುರುಬದುರು ತರದೆ, ರಸ್ತೆಯ ಎರಡು ಅಂಚಿನಲ್ಲಿ ಒಂದೇ ದಿಕ್ಕಿಗೆ ನಡೆಸಿದೆವು, ನಡುವೆ ನಾವಿಬ್ಬರು ಮನುಷ್ಯರು. ಒಂದೇ ದಿಕ್ಕಿಗೆ ನಡೆಯುವಾಗ ದಿಟ್ಟಿಸುವುದು ಕಷ್ಟ, ಕತ್ತು ಪೂರ್ತಿ ತಿರುಗಿಸಬೇಕು. ಎರಡೂ ನೆಲ ಮೂಸುತ್ತಾ ಆರಾಮಾಗಿ ನಡೆಯುತ್ತಿದ್ದರೆ ಸ್ವಲ್ಪ ಹತ್ತಿರ ಸರಿಯುವುದು, ಯಾವುದಾದರೂ ಒಂದು ಬಿಗಿಯಾದರೆ ಮತ್ತೆ ದೂರ. "ಎಷ್ಟ್ ದಿನ ಹಿಂಗೇ ನಡೆಯೋದ್ ತಾಯಿ, ಬಿಟ್ಟುಬಿಡಣ, ಅವೇ ನೋಡ್ಕೊಂತಾವೆ" ಅಂದರು ಮೇಷ್ಟ್ರು ಒಂದು ಸಲ. "ಇನ್ನು ಸ್ವಲ್ಪ ದಿನ ಸರ್, ಅವಳು ಬ್ರೂನೋನ ಮರೆತು ಹುಲ್ಲು ಮೂಸ್ಲಿ, ಆಮೇಲೆ" ಅಂದೆ. ಅವಳು ನಿಜವಾಗಿಯೂ ಹುಲ್ಲಿನಲ್ಲಿ ಮುಳುಗಿಹೋದ ದಿನವೇ ಬೆಲ್ಟು ಸಡಿಲ ಬಿಟ್ಟು ಮೂಸಲು ಬಿಟ್ಟೆವು. ಅವಳು ಕೆಂಪಿಯ ಹಾಗೇ ಬಳಸಿಕೊಂಡು ಪಕ್ಕದಿಂದ ಹೋದಳು. ನನಗಾದ ಸಂತೋಷ ಹೇಳತೀರದು.

ಮೂಸುವಾಗ ಮನಸ್ಸಲ್ಲೇ ಒಂದು, ಎರಡು, ಮೂರು ಎಣಿಸಿ ಕರೆಯುತ್ತೇನೆ. ಬಂದ ಕೂಡಲೇ ತಿಂಡಿ. ಇಬ್ಬರ ಮೈಯೂ ಸಡಿಲವಾಗಿದ್ದು, ಎದುರಿನ ನಾಯಿಯೇ ಮತ್ತೆ ಇವಳತ್ತ ಬಂದರೆ ಇನ್ನೊಂದು ಸಲ ಬಿಡುತ್ತೇನೆ. ಬರದಿದ್ದರೆ ಅದು ಬೇಡ ಅಂದ ಹಾಗೆ, ಮುಂದೆ ಹೋಗುತ್ತೇವೆ. ಈ ಕರೆಯುವ ವಿರಾಮವನ್ನು ಯಾವ ತಳಿಯವರೂ ಬಿಡಬಾರದು, ಜಗಳಗಳು ಸಾಮಾನ್ಯವಾಗಿ ಮೂಸಾಟ ಲಂಬಿಸಿದಾಗಲೇ ಹೊತ್ತಿಕೊಳ್ಳುತ್ತವೆ. ಬಾಲ ಆಡುತ್ತಿದೆ ಅಂತ ನಂಬಿ ಕೂರಬೇಡಿ. ಇಡೀ ಸೊಂಟ ಬಳುಕಿಸಿ ಆಡುವ ಬಾಲ ಬೇರೆ, ಮೇಲೆ ಸೆಟೆದು ತುದಿ ಮಾತ್ರ ಅದುರುವ ಬಾಲ ಬೇರೆ. ಎರಡನೆಯದು ಕಂಡರೆ ಎಣಿಸುತ್ತಾ ನಿಲ್ಲದೆ ಕರೆಯಿರಿ. ಕೋಲಿಗಳಲ್ಲಿ ಇನ್ನೊಂದು ನೋಡಬೇಕು: ಆಟ ಶುರುವಾದ ಮೇಲೆ ಸುತ್ತುಹಾಕಿ ಹಿಂಗಾಲಿನ ಹಿಮ್ಮಡಿ ಚಿವುಟುತ್ತವೆ. ಅದೂ ಕುರಿ ಅಟ್ಟುವ ಚಾಳಿಯೇ, ಎದುರಿನ ನಾಯಿಗೆ ಆಟವಲ್ಲ. ಚಿಕ್ಕಿ ಸುತ್ತುಹಾಕಲು ಶುರುಮಾಡಿದಳೆಂದರೆ ಆಟ ಮುಗಿಯಿತು.

ಬೀದಿನಾಯಿಗಳ ಬಗ್ಗೆ ಭಯಪಡುವವರು ಬಹಳ. ನನ್ನ ಅನುಭವದಲ್ಲಿ ಒಂಟಿಯಾಗಿ ಸಿಗುವ, ವಯಸ್ಸಾದ, ಕಿವಿಯಲ್ಲಿ ಕಚ್ಚು ಇರುವ ನಾಯಿಗಳಷ್ಟು ಒಳ್ಳೆಯ ಗುರುಗಳು ಬೇರೆ ಇಲ್ಲ. ಗುಂಪು ಬೇರೆ ಮಾತು. ಗುಂಪಿಗೆ ಅದರದೇ ಎಲ್ಲೆ ಇರುತ್ತದೆ, ಎಲ್ಲೆ ದಾಟುವವರೆಗೆ ಬೊಗಳಿ ಬಿಟ್ಟುಬಿಡುತ್ತವೆ. ಆಗ ಓಡದೆ, ಅವುಗಳ ಕಣ್ಣು ನೋಡದೆ, ನಾನು ನಡುವೆ ಬರುವಂತೆ ಚಿಕ್ಕಿಯನ್ನು ನನ್ನ ಇನ್ನೊಂದು ಬದಿಗೆ ಹಾಕಿಕೊಂಡು ಬಳಸಿ ದಾಟುತ್ತೇನೆ. ಮರಿ ಹಾಕಿರುವ ನಾಯಿ, ಊಟ ಹಾಕಿರುವ ಜಾಗ, ಕಸದ ರಾಶಿ, ಇವುಗಳ ಹತ್ತಿರ ಭೇಟಿಯೇ ಇಲ್ಲ. ರೇಬೀಸ್ ಲಸಿಕೆ, ಡಿಸ್ಟೆಂಪರ್ ಮತ್ತು ಪಾರ್ವೋ ಎಂಬ ನಾಯಿರೋಗಗಳ ಲಸಿಕೆ ಪೂರ್ತಿಯಾಗದ ಮರಿಯನ್ನು ಬೀದಿನಾಯಿ ಹತ್ತಿರ ಬಿಡಲೇಬಾರದು, ಮೈಗೆ ಹತ್ತುವ ಉಣ್ಣೆ ಹುಳಕ್ಕೆ ಔಷಧಿಯೂ ತಪ್ಪಬಾರದು. ಯಾವ ನಾಯಿಯೇ ಆಗಲಿ ಮನುಷ್ಯರಿಗೆ ಹಲ್ಲು ತಾಗಿಸಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಬೀದಿನಾಯಿಗಳಿಗಿಂತ ಕಷ್ಟವಾದದ್ದು "ನಮ್ದು ಏನೂ ಮಾಡಲ್ಲ ಬಿಡ್ರೀ" ಅಂತ ನಾಯಿಯನ್ನು ನುಗ್ಗಲು ಬಿಡುವವರು. ನಾಯಿ ಏನೂ ಮಾಡದಿರಬಹುದು, ಆದರೆ ನುಗ್ಗಿ ಬಂದರೆ ಚಿಕ್ಕಿಯ ಎಷ್ಟೋ ದಿನದ ಕಲಿಕೆ ಒಂದೇ ಗಳಿಗೆಯಲ್ಲಿ ಹಿಂದಕ್ಕೆ ಹೋಗುತ್ತದೆ. ವಾದ ಮಾಡುವುದಕ್ಕಿಂತ "ಅಣ್ಣಾ, ಇದಕ್ಕೆ ಟ್ರೈನಿಂಗ್ ನಡೀತಾ ಐತಿ, ಸ್ವಲ್ಪ ಹಿಡ್ಕೊಳ್ರಿ" ಅಂತ ದೂರದಿಂದಲೇ ಜೋರಾಗಿ ಹೇಳುವುದು ಫಲಿಸಿದೆ. ಟ್ರೈನಿಂಗ್ ಅಂದರೆ ಜನ ಗೌರವದಿಂದ ನಿಲ್ಲುತ್ತಾರೆ, ಕೆಲವರು ನಿಂತು ಕೇಳಿ ತಾವೂ ಶುರುಮಾಡಿದ್ದಾರೆ.

ಬೇಸಿಗೆಯಲ್ಲಿ ವೇಳೆ ಬದಲಾಗುತ್ತದೆ. ದಾವಣಗೆರೆ ಬಿಸಿಲಿಗೆ ಈ ದಪ್ಪ ತುಪ್ಪಳದ ತಳಿ ಹುಟ್ಟಿದ್ದಲ್ಲ. ಮಾರ್ಚ್‌ನಿಂದ ಮೇವರೆಗೆ ಸೂರ್ಯ ಹುಟ್ಟುವ ಮುಂಚೆಯೇ ಮುಗಿಸುತ್ತೇವೆ. ಸಂಜೆ ಅಂಗೈ ಹಿಂಭಾಗವನ್ನು ಡಾಂಬರಿನ ಮೇಲೆ ಏಳೆಂಟು ಸೆಕೆಂಡು ಇಟ್ಟು, ತಾಳಿಕೊಳ್ಳಲು ಆದರೆ ಮಾತ್ರ ಹೊರಡುತ್ತೇವೆ. ಬಿಸಿಗೆ ಏದುವ ನಾಯಿ ಸಿಡುಕುತ್ತದೆ, ಅಂಥ ಹೊತ್ತಲ್ಲಿ ಭೇಟಿ ಮಾಡಿಸುವುದು ಬೇಡ.

ಈಗಲೂ ಚಿಕ್ಕಿ ಎಲ್ಲ ನಾಯಿಗಳನ್ನೂ ಮಾತಾಡಿಸುವುದಿಲ್ಲ, ಮಾತಾಡಿಸಲೇಬೇಕೆಂದು ನನಗೂ ಅನಿಸುವುದಿಲ್ಲ. ಹತ್ತು ನಾಯಿ ಎದುರಾದರೆ ಏಳೆಂಟನ್ನು ನೋಡಿ, ನನ್ನ ಕಡೆ ತಿರುಗಿ, ತಿಂಡಿ ಇಸಿದುಕೊಂಡು ದಾಟುತ್ತಾಳೆ. ಹಿಂದಿನ ಕ್ರಾಸಿನಲ್ಲಿ ಒಂದು ಗಂಡು ಜರ್ಮನ್ ಶೆಫರ್ಡ್ ಇದೆ, ಆ ತಳಿಯದಾದರೂ ಅದೂ ಚಿಕ್ಕಿಯ ಹಾಗೆ ದಿಟ್ಟಿಸುತ್ತದೆ. ಅದು ಗೇಟಿನಿಂದ ಹೊರಬರುವ ಹೊತ್ತು ನನಗೆ ಗೊತ್ತಾಗಿದೆ. ಆ ಹೊತ್ತಿಗೆ ನಾವು ಆಚೆ ಬದಿಗೆ ದಾಟಿ, ನಿಂತಿರುವ ಕಾರುಗಳ ಮರೆಯಲ್ಲಿ ಹೋಗುತ್ತೇವೆ. ಅದರ ಮನೆಯವರ ಜೊತೆ ಮಾತಾಡಿದ್ದೇನೆ, ಮಳೆಗಾಲ ಶುರುವಾದ ಮೇಲೆ ಶಾಮನೂರು ಕಡೆ ಇಬ್ಬರನ್ನೂ ಒಂದೇ ದಿಕ್ಕಿಗೆ ನಡೆಸೋಣ ಅಂತ ಮಾತಾಗಿದೆ.