ಒಂದೇ ಆ್ಯಂಟ್ ಎಂಜಿನ್, ಡ್ಯೂನಾವರೆಗೆ: ಕಂತಿನಲ್ಲಿ ಹೋದ ನನ್ನ ಅನುಭವ

ನಾಲ್ಕೂವರೆ ಟನ್ ತೂಕದ ನೌಕೆಗೆ ಒಂದೇ ಒಂದು ಆ್ಯಂಟ್, ಪುಟಾಣಿ ಎಂಜಿನ್. ರಾಕೆಟ್ ಕಟ್ಟಿ ಹಾರಿಸುವ ಕರ್ಬಲ್ ಸ್ಪೇಸ್ ಪ್ರೋಗ್ರಾಮ್ ಎಂಬ ಕಂಪ್ಯೂಟರ್ ಆಟ ಆಡುವವರ ಮುಂದೆ ಇಷ್ಟು ಹೇಳಿದರೆ ಸಾಕು, ನಗುತ್ತಾರೆ. ನಮ್ಮ ಶನಿವಾರ ರಾತ್ರಿಯ ಬಳಗವೂ ನಕ್ಕಿತ್ತು. ಈಗ ಆ ನೌಕೆ ಆಟದ ಮಂಗಳವಾದ ಡ್ಯೂನಾದ ಸುತ್ತ ತಿರುಗುತ್ತಿದೆ. ಟ್ಯಾಂಕಿನಲ್ಲಿ ಇನ್ನೂ ನೂರು ಚಿಲ್ಲರೆ ಡೆಲ್ಟಾ-ವಿ, ಅಂದರೆ ಸೆಕೆಂಡಿಗೆ ಅಷ್ಟು ಮೀಟರ್ ವೇಗ ಬದಲಿಸುವಷ್ಟು ಇಂಧನ, ಉಳಿದಿದೆ. ನಕ್ಕವರಲ್ಲಿ ಇಬ್ಬರು ಸೇವ್ ಫೈಲ್ ತರಿಸಿಕೊಂಡು ತೆರೆದು ನೋಡಿ ಸುಮ್ಮನಾದರು. ಮೇಷ್ಟ್ರು ಮಾತ್ರ ಇನ್ನೂ ಪೂರ್ತಿ ಒಪ್ಪಿಲ್ಲ.

ಮೇಷ್ಟ್ರು ಎಂದರೆ ದಾವಣಗೆರೆಯ ಕಡೆ ಭೌತಶಾಸ್ತ್ರ ಕಲಿಸುವವರು. ಇನ್ನೊಬ್ಬ ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿ, ಟೆರ್ರಾ ಇನ್‌ವಿಕ್ಟಾ ಎಂಬ ಬಾಹ್ಯಾಕಾಶ ಯುದ್ಧತಂತ್ರದ ಆಟ ಆಡಿ ಪಳಗಿದವನು. ಮತ್ತೊಬ್ಬರು ಜರ್ಮನಿಯಲ್ಲಿ ಕೆಲಸದಲ್ಲಿರುವವರು. ಯಾವ ಸಮಸ್ಯೆಗೂ ನರ್ವ್ ಅಣು ಎಂಜಿನ್ನೇ ಉತ್ತರ ಎನ್ನುವವರು. ನಾವೆಲ್ಲ ಆಡುವುದಕ್ಕಿಂತ ವಾದಿಸುವುದೇ ಹೆಚ್ಚು. ವಾದ ಶುರುಮಾಡಿದ್ದು ಹುಬ್ಬಳ್ಳಿಯ ಹುಡುಗ. ಅವನ ಆಟದಲ್ಲಿ ಪ್ರತಿ ನೌಕಾಪಡೆಗೂ ಡೆಲ್ಟಾ-ವಿ ಒಂದು ಅಂಕಿ, ವೇಗೋತ್ಕರ್ಷ ಇನ್ನೊಂದು. ಎರಡನೆಯದು ಕಡಿಮೆಯಾದರೆ ಶತ್ರು ನಿಮಗಿಂತ ಮೊದಲೇ ಬಂದು ಕೂತಿರುತ್ತಾನೆ. "ಸಣ್ಣ ಎಂಜಿನ್ ಅಂದರೆ ಸೋಲು ಅಂತಲೇ ಲೆಕ್ಕ, ಅಣ್ಣಾ" ಎಂದ.

ನಾನು ಮಂಗಳಯಾನವನ್ನು ಎಳೆದು ತಂದೆ. ಉಡಾವಣೆಯ ಹೊತ್ತಿಗೆ 1,337 ಕೆ.ಜಿ., ಮುಖ್ಯ ಎಂಜಿನ್ 440 ನ್ಯೂಟನ್. ಭಾಗಿಸಿದರೆ ಪ್ರತಿ ಸೆಕೆಂಡಿಗೂ ವೇಗಕ್ಕೆ ಸೆಕೆಂಡಿಗೆ ಸುಮಾರು 0.33 ಮೀಟರ್ ಕೂಡುತ್ತದೆ. ಆ್ಯಂಟ್ 2 ಕಿಲೋನ್ಯೂಟನ್, ನನ್ನ ನೌಕೆ ನಾಲ್ಕೂವರೆ ಟನ್, ಅಲ್ಲಿಗೆ 0.44. ಇಸ್ರೋದವರಿಗಿಂತ ನನ್ನ ಕೈಯಲ್ಲೇ ಹೆಚ್ಚು ಬಲ ಇದೆ ಎಂದೆ. ಮೇಷ್ಟ್ರು ಬಿಡಲಿಲ್ಲ. "ಪಿಎಸ್‌ಎಲ್‌ವಿ ಅವರನ್ನು ಅಷ್ಟಕ್ಕೇ ಬಿಟ್ಟಿತು, ಬೇರೆ ದಾರಿ ಇರಲಿಲ್ಲ, ಮಾಡಿದರು. ನಿಮಗೇನು ಬಂದಿದೆ ರೀ? ದೊಡ್ಡ ಟೆರಿಯರ್ ಎಂಜಿನ್ ಹಾಕಿ ಮುಗಿಸಿ."

ನನಗೆ ಬಂದದ್ದು ಹಣದ ತಾಪತ್ರಯ. ನನ್ನದು ಕಠಿಣ ಮಟ್ಟದ ಕರಿಯರ್ ಆಟ, ಅಂದರೆ ಗುತ್ತಿಗೆ ಹಿಡಿದು ಹಣ ಗಳಿಸಿ ರಾಕೆಟ್ ಕಟ್ಟಬೇಕು. ಗುತ್ತಿಗೆಗಳು ಎರಡು ಕೈಕೊಟ್ಟು, ಖಜಾನೆಯಲ್ಲಿ ಹದಿನೇಳು ಸಾವಿರದಷ್ಟು ಮಾತ್ರ ಉಳಿದಿತ್ತು. ನರ್ವ್ ಒಂದರ ಬೆಲೆಯೇ ಹತ್ತು ಸಾವಿರ. ಟೆರಿಯರ್ ಅಗ್ಗ, 390. ಆದರೆ ಅದರ ತೂಕ ಅರ್ಧ ಟನ್. ಆ್ಯಂಟ್ 110 ಹಣಕ್ಕೆ, 20 ಕೆ.ಜಿ.ಗೆ ಮುಗಿಯುತ್ತದೆ. ಮೇಲಿನ ಹಂತದಲ್ಲಿ 480 ಕೆ.ಜಿ. ಉಳಿದರೆ ಕೆಳಗಿನ ರಾಕೆಟ್ ಎಷ್ಟು ಕುಗ್ಗುತ್ತದೆ ಎಂಬುದನ್ನು ಓದುವವರಿಗೆ ಹೇಳಬೇಕಿಲ್ಲ. ಇವೆರಡರ ನಡುವಿನ ಸ್ಪಾರ್ಕ್ ಎಂಜಿನ್ ಯಾಕೆ ಬೇಡ ಎಂದು ಕೇಳುವವರು ಇದ್ದೇ ಇರುತ್ತಾರೆ. ಲೆಕ್ಕ ಹಾಕಿದೆ, ಆ್ಯಂಟ್‌ಗೆ ತೊಂಬತ್ತು ಕೆ.ಜಿ.ಯಷ್ಟು ಲಾಭ ಉಳಿಯುತ್ತದೆ. ಅಲ್ಲದೆ ಇಷ್ಟೊತ್ತಿಗೆ ಪಂತ ಕಟ್ಟಿಯಾಗಿತ್ತು. ಸೋತವರು ಎಲ್ಲರಿಗೂ ರಿಯಾಯಿತಿ ಮಾರಾಟದಲ್ಲಿ ಒಂದೊಂದು ಆಟ ಕೊಡಿಸಬೇಕು.

ಮೊದಲು ಒಂದೇ ಉಸಿರಿಗೆ ಉರಿಸಿ ನೋಡಿದೆ, ಆಗುವುದಿಲ್ಲವೆಂದು ಗೊತ್ತಿದ್ದೂ. ಆಟದ ಭೂಮಿಯಾದ ಕರ್ಬಿನ್ ಸುತ್ತ 80 ಕಿ.ಮೀ. ಎತ್ತರದ ಕಕ್ಷೆಯಲ್ಲಿ ಒಂದು ಸುತ್ತಿಗೆ 31 ನಿಮಿಷ. ಡ್ಯೂನಾಕ್ಕೆ ಹೊರಡಲು ಬೇಕಾದ ಸೆಕೆಂಡಿಗೆ 1,070 ಮೀಟರ್ ವೇಗಕ್ಕೆ ಆ್ಯಂಟ್ ಉರಿಯಬೇಕಾದದ್ದು 34 ನಿಮಿಷ. ಅಂದರೆ ಹೊರಡುವ ಹೊತ್ತಿಗೆ ನೌಕೆ ಗ್ರಹದ ಸುತ್ತ ಅರ್ಧ ಪ್ರದಕ್ಷಿಣೆಯನ್ನಾದರೂ ಹಾಕಿರುತ್ತದೆ. ಮೂಗು ಯಾವ ಕಡೆಗಿದ್ದರೂ ಒಂದೇ. ಕಕ್ಷೆ ಜಿಲೇಬಿಯಂತೆ ಸುತ್ತಿಕೊಂಡು ಅಗಲವಾಯಿತು, ಇಂಧನ ಮುಗಿಯಿತು, ಡ್ಯೂನಾ ಎಲ್ಲೋ ಉಳಿಯಿತು. ಆ ಚಿತ್ರವನ್ನು ಜರ್ಮನಿಯವರು ಹಲವು ವಾರ ತಮ್ಮ ಪ್ರೊಫೈಲ್ ಚಿತ್ರ ಮಾಡಿಕೊಂಡಿದ್ದರು.

ಕಂತಿನ ದಾರಿ ಎಲ್ಲರಿಗೂ ಗೊತ್ತಿರುವುದೇ. ಕಕ್ಷೆಯಲ್ಲಿ ಗ್ರಹಕ್ಕೆ ಅತಿ ಹತ್ತಿರದ ಬಿಂದುವಾದ ಪೆರಿಯಾಪ್ಸಿಸ್ ಬಳಿ ಬಂದಾಗಲೆಲ್ಲ ಐದಾರು ನಿಮಿಷ ಉರಿಸಿ ಆರಿಸುವುದು, ಸುತ್ತಿ ಬಂದಾಗ ಮತ್ತೆ ಉರಿಸುವುದು. ಮಂಗಳಯಾನ 2013ರ ನವೆಂಬರ್ 5ರಂದು ಹೊರಟು ಇದನ್ನೇ ಮಾಡಿ, ಡಿಸೆಂಬರ್ 1ರಂದು ಭೂಮಿಯನ್ನು ಬಿಟ್ಟಿತು. ಆದರೆ ಗೊತ್ತಿರುವುದೇ ಬೇರೆ, ಆಟದ ಮುಂದೆ ಕೂತು ಆಗಿಸುವುದೇ ಬೇರೆ.

ನನ್ನನ್ನು ಹೆಚ್ಚು ಸತಾಯಿಸಿದ್ದು ಕತ್ತಲು. ಹೊರಗಿನ ಗ್ರಹಕ್ಕೆ ಹೊರಡುವವರ ಪೆರಿಯಾಪ್ಸಿಸ್ ರಾತ್ರಿಯ ಕಡೆಗೆ ಬೀಳುತ್ತದೆ. ಡ್ಯೂನಾಕ್ಕಂತೂ ನೆರಳಿನ ಅಂಚಿನಲ್ಲೇ ಸರಿಯಾಗಿ ಕೂರುತ್ತದೆ: ಅರ್ಧ ಉರಿ ಬೆಳಕಿನಲ್ಲಿ, ಉಳಿದರ್ಧ ಕತ್ತಲಲ್ಲಿ. ಆ್ಯಂಟ್‌ನಲ್ಲಿ ಉರಿಯುವಾಗ ವಿದ್ಯುತ್ ಮಾಡುವ ಆಲ್ಟರ್ನೇಟರ್ ಇಲ್ಲ. ತೂಕ ಉಳಿಸಲೆಂದು ನಾನು ಬೇರೆ ಬ್ಯಾಟರಿ ಹಾಕಿರಲಿಲ್ಲ. ನಿಯಂತ್ರಣ ಪೆಟ್ಟಿಗೆಯೊಳಗಿನ ಐದು ಯೂನಿಟ್ಟೇ ಗತಿ. ಸೂರ್ಯ ಮರೆಯಾದದ್ದೇ ಆ ಐದು ನಾಲ್ಕಾಯಿತು, ಎರಡಾಯಿತು. ನೌಕೆಯನ್ನು ತಿರುಗಿಸುವ ರಿಯಾಕ್ಷನ್ ವೀಲ್ ಕುಡಿಯುವ ರಭಸಕ್ಕೆ ಸೊನ್ನೆ ಮುಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನೌಕೆ ಮಾತು ಕೇಳುವುದನ್ನು ನಿಲ್ಲಿಸಿತು, ಮೂಗು ನಿಧಾನಕ್ಕೆ ಪಕ್ಕಕ್ಕೆ ವಾಲಿತು, ಎಂಜಿನ್ ಮಾತ್ರ ಉರಿಯುತ್ತಲೇ ಇತ್ತು. "ಏನಾಯಿತು, ಮಾತೇ ಇಲ್ಲ?" ಎಂದರು ಮೇಷ್ಟ್ರು. ಝಡ್-100 ಬ್ಯಾಟರಿ ಐದು ಕೆ.ಜಿ., ಎಂಬತ್ತು ಹಣ. ಎರಡು ಅಂಟಿಸಿದೆ.

ನಿಜವಾದ ಹಣವೂ ಕತ್ತಲಿಗೇ ಹೋಯಿತು. ಒಳ್ಳೆಯದೊಂದು ಓಟದಲ್ಲಿ ನಾಲ್ಕನೆಯ ಕಂತು ಉರಿಯುತ್ತಿರುವಾಗ ಮನೆಯ ಕರೆಂಟು ಹೋಯಿತು. ಸೇವ್ ಆಗಿದ್ದದ್ದು ಎರಡನೆಯ ಕಂತಿನ ಹಿಂದೆ. ಮರುದಿನವೇ ಯುಪಿಎಸ್ ತಂದೆ, ನಾಲ್ಕೂವರೆ ಸಾವಿರವೋ ಐದೋ. ಎಂಟು ಜಿಬಿ ಹಳೆಯ ರ‍್ಯಾಮ್ ಒಂದೂವರೆ ಸಾವಿರಕ್ಕೆ ಸಿಕ್ಕಿತು. ಒಟ್ಟಿನಲ್ಲಿ 110ರ ಎಂಜಿನ್ನಿಗೆ ಮನೆಯಿಂದ ಆರು ಸಾವಿರ ರೂಪಾಯಿ ಮೇಲೆ ಹೋಯಿತು.

ಆಮೇಲೆ ಮುನ್, ಅಂದರೆ ಕರ್ಬಿನ್ನಿನ ಚಂದ್ರ. ಕೊನೆಯ ಕಂತಿನ ಹೊತ್ತಿಗೆ ಕಕ್ಷೆಯ ದೂರದ ತುದಿಯಾದ ಆಪೋಆಪ್ಸಿಸ್ ಹನ್ನೆರಡು ಸಾವಿರ ಕಿ.ಮೀ. ಹತ್ತಿರ ಹೋಗುತ್ತದೆ, ಅಂದರೆ ಮುನ್‌ನ ರಸ್ತೆಗೇ. ಅದು ಅಲ್ಲಿದ್ದರೆ ಕಥೆ ಮುಗಿಯಿತು. ನನ್ನದೊಂದು ನೌಕೆಯನ್ನು ಅದು ಎತ್ತಿ ಕರ್ಬಿನ್‌ನ ವಾತಾವರಣದೊಳಗೇ ಎಸೆಯಿತು. ಹುಬ್ಬಳ್ಳಿಯ ಹುಡುಗ ಇದನ್ನೇ ಹಿಡಿದು, ಬೇಕೆಂದೇ ಮುನ್‌ನ ಹಿಂದೆ ಹಾಯಿಸಿ ಪುಕ್ಕಟೆ ವೇಗ ಗಿಟ್ಟಿಸೋಣ ಎಂದ. ಎರಡು ಶನಿವಾರ ಅದರಲ್ಲೇ ಕಳೆದೆವು. ಸಿಕ್ಕಿತು, ನಿಜ, ಆದರೆ ಮುನ್ ಸರಿಯಾದ ಜಾಗದಲ್ಲಿದ್ದಾಗ ಡ್ಯೂನಾಕ್ಕೆ ಹೊರಡುವ ಕಾಲದ ಕಿಂಡಿ ಮುಚ್ಚಿರುತ್ತದೆ, ಕಿಂಡಿ ತೆರೆದಾಗ ಮುನ್ ಎಲ್ಲೋ ಇರುತ್ತದೆ. ಎರಡನ್ನೂ ಹೊಂದಿಸುವ ತಾಳ್ಮೆ ನನಗಿಲ್ಲ. ಅವನು ಇನ್ನೂ ಅದರ ಬೆನ್ನು ಹತ್ತಿದ್ದಾನೆ.

ಕೊನೆಗೆ ಕೈಹಿಡಿದ ಲೆಕ್ಕ ಹೀಗೆ. ಆರು ಕಂತು, ಒಂದೊಂದೂ ನಾಲ್ಕೂವರೆಯಿಂದ ಐದು ನಿಮಿಷ, ಎಲ್ಲ ಸೇರಿ 860 ಮೀಟರ್ ಆಸುಪಾಸು. ಕಡೆಯ ಸುತ್ತೊಂದಕ್ಕೇ ಹದಿನೈದು ಗಂಟೆ, ಕರ್ಬಿನ್‌ನ ಎರಡೂವರೆ ದಿನ. ಆಮೇಲೆ ಹೊರಡುವ ಉರಿ 200 ಮೀಟರ್ ಚಿಲ್ಲರೆ, ಆರು ನಿಮಿಷ. ನಷ್ಟ ಐವತ್ತು ಅರವತ್ತು ಮೀಟರಿಗಿಂತ ಹೆಚ್ಚಲ್ಲ. ಕಂತು ಕಟ್ಟುತ್ತಿರುವಷ್ಟೂ ದಿನ ಕರ್ಬಿನ್ ಸೂರ್ಯನ ಸುತ್ತ ಸರಿಯುತ್ತಿರುತ್ತದೆ, ಹೊರಡುವ ದಿಕ್ಕು ತಿರುಗುತ್ತದೆ. ಹಾಗಾಗಿ ಮೊದಲ ಕಂತನ್ನು ಕೆಲವು ಡಿಗ್ರಿ ಪಕ್ಕಕ್ಕೆ ಇಡಬೇಕು. ಎಷ್ಟು ಡಿಗ್ರಿ, ಯಾವ ಪಕ್ಕಕ್ಕೆ ಎಂಬುದನ್ನು ಬರೆಯುವುದಿಲ್ಲ. ಪಂತ ಇನ್ನೂ ಪೂರ್ತಿ ಮುಗಿದಿಲ್ಲ. ಉರಿಯುವಾಗ ಮೂಗನ್ನು ಸಾಗುವ ದಿಕ್ಕಿಗೆ, ಅಂದರೆ ಪ್ರೋಗ್ರೇಡ್‌ಗೆ ಕಟ್ಟಿಹಾಕಬೇಕೋ, ಒಂದೇ ದಿಕ್ಕಿಗೆ ನೆಡಬೇಕೋ ಎಂಬ ಜಗಳಕ್ಕೂ ನನ್ನ ಬಳಿ ಉತ್ತರವಿದೆ. ಎರಡೂ ಅಲ್ಲ ಎಂದಷ್ಟೇ ಹೇಳುತ್ತೇನೆ. ಉರಿಯುವಾಗ ಆಟದ ಕಾಲವನ್ನು ಬೇಗ ಓಡಿಸುವ ಭೌತಿಕ ವಾರ್ಪ್ ನಾಲ್ಕು ಪಟ್ಟಿಗೆ ಹಾಕಬೇಡಿ, ಉದ್ದನೆಯ ನೌಕೆ ಬಳುಕುತ್ತದೆ. ಎರಡು ಪಟ್ಟು ಸಾಕು.

ಕಂತಿನಲ್ಲಿ ಇನ್ನೊಂದು ಗುಣ ಇದೆ, ಅದನ್ನು ಬಳಗದಲ್ಲಿ ಯಾರೂ ಎಣಿಸಿರಲಿಲ್ಲ. ನವೆಂಬರ್ 11ರಂದು ಮಂಗಳಯಾನದ ನಾಲ್ಕನೆಯ ಉರಿ 130 ಮೀಟರ್ ಕೊಡಬೇಕಾದಲ್ಲಿ 35 ಮಾತ್ರ ಕೊಟ್ಟಿತು. ಇಂಧನ ಹರಿಯುವ ಕವಾಟದ ಎರಡು ಸುರುಳಿಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಹರಿವು ನಿಂತಿತ್ತು. ಮರುದಿನ ಇನ್ನೊಂದು ಉರಿ ಹಾಕಿ ಕಕ್ಷೆಯ ದೂರದ ತುದಿಯನ್ನು 1,18,000 ಕಿ.ಮೀ. ದಾಟಿಸಿದರು. ಒಂದೇ ಉಸಿರಿನ ಉರಿಯಲ್ಲಿ ಇಂಥದು ಆಗಿದ್ದರೆ ಮರುದಿನ ಎಂಬುದೇ ಇರುತ್ತಿರಲಿಲ್ಲ. ಚಂದ್ರಯಾನ-3 ನಲವತ್ತು ದಿನ ತೆಗೆದುಕೊಂಡಿತೆಂದು ಆಡಿಕೊಂಡವರಿಗೂ ಇದೇ ಉತ್ತರ ಕೊಟ್ಟಿದ್ದೆ.

ನಡುವೆ, ವಿದ್ಯುತ್ತಿನಿಂದ ಕಣಗಳನ್ನು ಹೊರತಳ್ಳುವ ಅಯಾನ್ ಎಂಜಿನ್ ಕಡೆಗೂ ಒಮ್ಮೆ ಹೋಗಿ ಬಂದೆವು. ಆಟದ ಡಾನ್ ಎಂಜಿನ್ನೂ ಆ್ಯಂಟ್‌ನಷ್ಟೇ, 2 ಕಿಲೋನ್ಯೂಟನ್. ಬೆಲೆ ಮಾತ್ರ ಎಂಟು ಸಾವಿರ. ಇದು ಆಟ ತೋರಿಸಿದ ಔದಾರ್ಯ ಎಂದರು ಮೇಷ್ಟ್ರು, ಸರಿಯಾದ ಮಾತು. ನಾಸಾದ ಡಾನ್ ನೌಕೆಯ ಅಯಾನ್ ಎಂಜಿನ್ ಪೂರ್ತಿ ಬಲದಲ್ಲಿ ಕೊಡುತ್ತಿದ್ದದ್ದು 90 ಮಿಲಿನ್ಯೂಟನ್ ಚಿಲ್ಲರೆ, ಅಂಗೈ ಮೇಲೆ ಒಂದೆರಡು ಕಾಗದದ ಹಾಳೆ ಇಟ್ಟಷ್ಟು ಭಾರ. ಅಷ್ಟರಲ್ಲೇ 2007ರಲ್ಲಿ ಹೊರಟು, 2011ರಲ್ಲಿ ವೆಸ್ಟಾ, 2015ರಲ್ಲಿ ಸೆರೆಸ್ ಮುಟ್ಟಿತು. ಆಟದಲ್ಲಿ ಅದೇ ಪ್ರಮಾಣ ಇಟ್ಟಿದ್ದರೆ ನಾವು ಮುಪ್ಪಾಗುವವರೆಗೂ ಒಂದೇ ಉರಿ ನೋಡುತ್ತಾ ಕೂರಬೇಕಿತ್ತು. ಹುಬ್ಬಳ್ಳಿಯ ಹುಡುಗ ಆ ದಿನ ಮಾತಾಡಲಿಲ್ಲ.

ಮೇಷ್ಟ್ರ ಗಟ್ಟಿ ವಾದ ಬೇರೆಯದು. "ಹೊರಡುವಾಗ ಕಂತು ಸರಿ. ಸೇರುವಾಗ ಯಾವ ಕಂತು? ಡ್ಯೂನಾ ನಿಮಗೆ ಒಂದೇ ಅವಕಾಶ ಕೊಡುತ್ತದೆ." ಇದು ನಿಜವಾದ ಕಷ್ಟ. ವಾತಾವರಣಕ್ಕೆ ಉಜ್ಜಿ ವೇಗ ಇಳಿಸುವುದನ್ನೂ ಪ್ರಯತ್ನಿಸಿದೆ, ಹದಿಮೂರು ಕಿ.ಮೀ. ಎತ್ತರದಲ್ಲಿ ಹಾಯಿಸಿದರೆ ಸೌರಫಲಕ ಕಿತ್ತುಹೋಗುತ್ತದೆ. ನಾಸಾದ ಮಂಗಳ ನೌಕೆ ಮಾರ್ಸ್ ಗ್ಲೋಬಲ್ ಸರ್ವೇಯರ್‌ಗೂ 1997ರಲ್ಲಿ ಫಲಕದ್ದೇ ತೊಂದರೆಯಾಗಿ, ಉಜ್ಜುವ ಕೆಲಸ 1999ರವರೆಗೆ ಎಳೆದಿತ್ತು. ನಾನು ಅದನ್ನು ಬಿಟ್ಟು ಜಪಾನಿನ ಅಕಾತ್ಸುಕಿಯನ್ನು ಮುಂದಿಟ್ಟೆ. 2010ರ ಡಿಸೆಂಬರಿನಲ್ಲಿ ಶುಕ್ರನ ಬಳಿ ಅದರ ಮುಖ್ಯ ಎಂಜಿನ್ ಕೈಕೊಟ್ಟಿತು. ಐದು ವರ್ಷ ಸೂರ್ಯನ ಸುತ್ತ ಅಲೆದು, ಮತ್ತೆ ಬಂದು, ದಿಕ್ಕು ತಿದ್ದಲು ಇಟ್ಟಿದ್ದ ಪುಟ್ಟ ಥ್ರಸ್ಟರುಗಳನ್ನೇ ಇಪ್ಪತ್ತು ನಿಮಿಷ ಉರಿಸಿ ಕಕ್ಷೆ ಸೇರಿತು. ಒಂದೇ ಅವಕಾಶ, ಸಣ್ಣ ಬಲ, ಆದರೂ ಆಯಿತು. ಕಕ್ಷೆ ಉದ್ದವಾಗಿರಲು ಒಪ್ಪಿಕೊಂಡರೆ ಸಾಕು. ಮಂಗಳಯಾನವೂ ಸೇರಿದ್ದು 422 ಕಿ.ಮೀ.ಯಿಂದ 77,000 ಕಿ.ಮೀ.ವರೆಗಿನ ನೀಳ ಕಕ್ಷೆಗೇ. ದುಂಡನೆಯ ಕಕ್ಷೆಯ ಶೋಕಿಯನ್ನು ಇಂಧನ ಇದ್ದವರು ಮಾಡಲಿ.

ಡ್ಯೂನಾದಲ್ಲಿ ಪೆರಿಯಾಪ್ಸಿಸ್ 60 ಕಿ.ಮೀ.ಗೆ ಇಟ್ಟೆ, ವಾತಾವರಣದ ಅಂಚಿನಿಂದ ಹತ್ತು ಕಿ.ಮೀ. ಮೇಲೆ. ನೌಕೆ ಆಗ ಮೂರು ಟನ್ ಚಿಲ್ಲರೆಗೆ ಇಳಿದಿತ್ತು. ಬೇಕಾದದ್ದು 260 ಮೀಟರ್, ಏಳು ನಿಮಿಷದೊಳಗೆ. ಶನಿವಾರ ಎಲ್ಲರನ್ನೂ ಕೂರಿಸಿ ಪರದೆ ತೋರಿಸಿದೆ. ಪೆರಿಯಾಪ್ಸಿಸ್‌ಗೆ ಮೂರೂವರೆ ನಿಮಿಷ ಮೊದಲೇ ಎಂಜಿನ್ ಹೊತ್ತಿಸಿದೆ. ಎರಡನೆಯ ನಿಮಿಷಕ್ಕೆ ನೌಕೆ ನೆರಳಿಗೆ ಹೋಯಿತು. ಮಂಗಳಯಾನವೂ 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಉರಿ ಶುರುಮಾಡಿದ್ದು ನೆರಳಿನಲ್ಲೇ ಎಂದು ನಾನು ಹೇಳುತ್ತಿದ್ದರೆ, ಜರ್ಮನಿಯವರು "ಅದಿರಲಿ, ಬ್ಯಾಟರಿ ನೋಡಿ" ಎಂದರು. 205ರಿಂದ ಶುರುವಾದದ್ದು 170ರಲ್ಲಿತ್ತು. ಐದನೆಯ ನಿಮಿಷ ದಾಟಿದರೂ ನಕ್ಷೆಯಲ್ಲಿ ನೌಕೆಯ ದಾರಿಯ ಗೆರೆ ತೆರೆದೇ ಇತ್ತು, ಹೊರಕ್ಕೆ ಓಡುತ್ತಲೇ ಇತ್ತು. "ನಾನು ಹೇಳಿದೆನಲ್ಲ" ಎಂದರು ಮೇಷ್ಟ್ರು. ಆರನೆಯ ನಿಮಿಷ ಮುಗಿದ ಮೇಲೆ ಗೆರೆ ಒಮ್ಮೆಲೇ ಬಾಗಿ ಕೂಡಿಕೊಂಡಿತು. ಆಪೋಆಪ್ಸಿಸ್ ಮೊದಲು ಮೂವತ್ತು ಸಾವಿರ ಚಿಲ್ಲರೆ ತೋರಿಸಿ, ನೋಡನೋಡುತ್ತಿದ್ದಂತೆ ಕುಸಿಯತೊಡಗಿತು. ಇನ್ನು ಕಂತು ಎಷ್ಟು ಬೇಕಾದರೂ ಕಟ್ಟಬಹುದಿತ್ತು. ಎಂಜಿನ್ ಆರಿಸಿದಾಗ ಬ್ಯಾಟರಿಯಲ್ಲಿ ನೂರರ ಮೇಲಿತ್ತು.

ಒಟ್ಟು ಖರ್ಚು ಹದಿನೈದೂವರೆ ಸಾವಿರದಷ್ಟು. ಜರ್ಮನಿಯವರ ನರ್ವ್ ನೌಕೆಗೆ ನಲವತ್ತರ ಮೇಲಾಗಿತ್ತು. ಅವರೂ ಹುಬ್ಬಳ್ಳಿಯ ಹುಡುಗನೂ ಸೋಲೊಪ್ಪಿದರು. ಹುಡುಗನಿಂದ ಹಣ ಕೇಳುವುದು ಬೇಡವೆಂದು ಜರ್ಮನಿಯವರೇ ಎಲ್ಲರಿಗೂ ಆಟ ಕೊಡಿಸಿದರು. ಮೇಷ್ಟ್ರ ತಕರಾರು ಈಗ ಹೊಸ ರೂಪ ತಾಳಿದೆ: ಕರ್ಬಿನ್ ಚಿಕ್ಕದು, ಅಲ್ಲಿ ಕಕ್ಷೆಯ ವೇಗ ಸೆಕೆಂಡಿಗೆ ಎರಡು ಕಿ.ಮೀ. ಚಿಲ್ಲರೆ ಮಾತ್ರ, ಭೂಮಿಯಲ್ಲಿ ಏಳು ಮುಕ್ಕಾಲು. ಆಟಕ್ಕೆ ನಿಜವಾದ ಸೌರಮಂಡಲ ತರುವ ಮಾಡ್ (ಹೆಚ್ಚುವರಿ ತಂತ್ರಾಂಶ) ಹಾಕಿ ಇದೇ ಪ್ರಮಾಣದ ಬಲದಲ್ಲಿ ಮಂಗಳ ಮುಟ್ಟಿಸಿ ತೋರಿಸಿ, ಆಗ ಒಪ್ಪುತ್ತೇನೆ. ಮಾಡ್ ಇಳಿಸಿಕೊಂಡಿದ್ದೇನೆ. ಅದಕ್ಕೆ ಇನ್ನೂ ಎಂಟು ಜಿಬಿ ರ‍್ಯಾಮ್ ಬೇಕಂತೆ. ಈ ಸಲದ ದುಡ್ಡನ್ನು ಮೇಷ್ಟ್ರೇ ಕೊಡಬೇಕೆಂದು ಪಂತದ ಕರಾರಿನಲ್ಲಿ ಸೇರಿಸಿದ್ದೇನೆ.