ಸಾಗುವ ಹಡಗಿನಿಂದ ಸ್ಟ್ರಾಂಬೊಲಿಯ ಕೆಂಡ ಹಿಡಿದದ್ದು: ನನ್ನ ಅನುಭವ

ಸಾಗುತ್ತಿರುವ ಹಡಗಿನಿಂದ, ಅದೂ ರಾತ್ರಿ ಹೊತ್ತು, ಜ್ವಾಲಾಮುಖಿಯ ಸ್ಪಷ್ಟ ಚಿತ್ರ ತೆಗೆಯಲಾಗದೆಂದು ಬೆಂಗಳೂರಿನ ಛಾಯಾಗ್ರಾಹಕ ಗೆಳೆಯರೆಲ್ಲರೂ ಹೇಳಿದ್ದರು. ಇಟಲಿಯ ಸ್ಟ್ರಾಂಬೊಲಿ ದ್ವೀಪದ ಕುಳಿಯಿಂದ ಚಿಮ್ಮಿದ ಕೆಂಡಗಳನ್ನು ಒಂದೊಂದಾಗಿ ಎಣಿಸಬಹುದಾದ ನಾಲ್ಕು ಚಿತ್ರಗಳು ಈಗ ನನ್ನ ಬಳಿ ಇವೆ. ಅದಕ್ಕೆ ಎರಡು ಪ್ರಯಾಣಗಳು ಬೇಕಾದವು.

ಮೊದಲ ಸಲ ನೇಪಲ್ಸ್‌ನಿಂದ ದಕ್ಷಿಣಕ್ಕೆ, ಸಿಸಿಲಿಯ ಮೆಸ್ಸಿನಾ ಕಡೆಗೆ ಹೊರಟಾಗ ಬಾಲ್ಕನಿಯುಳ್ಳ ಕ್ಯಾಬಿನ್ನಿಗೆಂದೇ ಸುಮಾರು 45,000 ರೂಪಾಯಿ ಹೆಚ್ಚಿಗೆ ತೆತ್ತಿದ್ದೆ. ಹಡಗು ದ್ವೀಪದ ಪಶ್ಚಿಮದಿಂದ ಸಾಗಿದ್ದರಿಂದ ಬೆಟ್ಟ ಎಡಕ್ಕೆ ಬಂತು. ನನ್ನ ಬಾಲ್ಕನಿ ಇದ್ದದ್ದು ಬಲಕ್ಕೆ. ಮೇಲಿನ ಡೆಕ್ಕಿಗೆ ಓಡಿ, ಟ್ರೈಪಾಡ್ ನಿಲ್ಲಿಸಿ 4 ಸೆಕೆಂಡಿನ ಎಕ್ಸ್‌ಪೋಷರ್ ಕೊಟ್ಟರೆ (ಅಷ್ಟು ಹೊತ್ತು ಕ್ಯಾಮೆರಾದೊಳಗೆ ಬೆಳಕು ಬಿಟ್ಟರೆ), ಎಂಜಿನ್ನಿನ ನಡುಕ ಅದರ ಕಾಲುಗಳಲ್ಲಿ ಏರಿ ಬಂದು ಪ್ರತಿಯೊಂದು ಕೆಂಡವೂ ಗರಗಸದ ಹಲ್ಲಿನಂಥ ಗೆರೆಯಾಗಿ ಮೂಡಿತ್ತು. ಅರವತ್ತರಷ್ಟು ಚಿತ್ರಗಳಲ್ಲಿ ಒಂದೂ ಉಳಿಸಿಕೊಳ್ಳುವಂತಿರಲಿಲ್ಲ.

ಎರಡನೆಯ ಸಲ ಕಿಟಕಿಯೇ ಇಲ್ಲದ ಅಗ್ಗದ ಕ್ಯಾಬಿನ್ ಹಿಡಿದು, ಉಳಿದ ಹಣದಲ್ಲಿ 85 ಎಂಎಂ ಲೆನ್ಸ್ ಬಾಡಿಗೆಗೆ ತಂದೆ. ಕೆಂಡಗಳು ಸಮುದ್ರದತ್ತ ಉರುಳುವ ಶಿಯಾರಾ ದೆಲ್ ಫ್ವೋಕೊ ಎಂಬ ಇಳಿಜಾರು ವಾಯವ್ಯಕ್ಕೆ ಮುಖ ಮಾಡಿದೆ; ಆದ್ದರಿಂದ ಉತ್ತರದಿಂದ ಬರುವವರು ಬೆಟ್ಟ ಪಕ್ಕಕ್ಕೆ ಬರುವವರೆಗೆ ಕಾಯದೆ, ಅರ್ಧ ಗಂಟೆ ಮೊದಲೇ ಮುಂಬದಿಯ ಡೆಕ್ಕಿನಲ್ಲಿರಬೇಕು. ಹಡಗು ಯಾವ ಬದಿಯಿಂದ ಸಾಗುವುದೆಂಬುದನ್ನು ನಾನು ಯಾರಿಂದ, ಯಾವ ಹೊತ್ತಿನಲ್ಲಿ ತಿಳಿದುಕೊಂಡೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ.

ಈಶಾನ್ಯಕ್ಕಿರುವ ಸ್ಟ್ರಾಂಬೊಲಿಕ್ಕಿಯೊ ಬಂಡೆಯ ದೀಪಸ್ತಂಭದ ಬೆಳಕಿನ ಮೇಲೆ ಕೈಯಿಂದಲೇ ಫೋಕಸ್ ಮಾಡಿ, ಲೆನ್ಸಿನ ಉಂಗುರಕ್ಕೆ ಟೇಪು ಅಂಟಿಸಿದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400, ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) 1.8, ಶಟರ್ ವೇಗ ಸೆಕೆಂಡಿನ ಮೂವತ್ತನೆಯ ಒಂದು ಭಾಗದ ಆಸುಪಾಸು. ಟ್ರೈಪಾಡ್ ಬೇಡವೇ ಬೇಡ. ಮೊಣಕೈಗಳನ್ನು ಕಂಬಿಗೆ ತಾಗಿಸದೆ ಎದೆಗೆ ಒತ್ತಿಕೊಂಡು, ಮೊಣಕಾಲುಗಳನ್ನು ಸ್ವಲ್ಪ ಬಗ್ಗಿಸಿ ನಿಂತರೆ ಹಡಗಿನ ನಡುಕವನ್ನು ಮೈಯೇ ನುಂಗಿಕೊಳ್ಳುತ್ತದೆ. ಸ್ಫೋಟಗಳು ಹತ್ತು ಇಪ್ಪತ್ತು ನಿಮಿಷಕ್ಕೊಮ್ಮೆ ಆಗುವುದರಿಂದ ಮುಕ್ಕಾಲು ಗಂಟೆಯಲ್ಲಿ ನನಗೆ ದಕ್ಕಿದ್ದು ಮೂರೇ. ಹೊಗೆಯ ತಳ ಕೆಂಪಾದ ಕೂಡಲೇ ಗುಂಡಿಯೊತ್ತಿ, ಒಂದರ ಹಿಂದೊಂದು ಚಿತ್ರ ಬೀಳುವಂತೆ ಎಂಟು ಸೆಕೆಂಡು ಬಿಡದೆ ಹಿಡಿದಿದ್ದೆ.

2019ರ ಜುಲೈ 3ರ ಭಾರಿ ಸ್ಫೋಟದಲ್ಲಿ ಚಾರಣಿಗರೊಬ್ಬರು ತೀರಿಕೊಂಡ ಬಳಿಕ ಬೆಟ್ಟ ಹತ್ತುವುದಕ್ಕೆ ಕಡಿವಾಣ ಬಿತ್ತು. ನನ್ನ ಮಟ್ಟಿಗಂತೂ ಆ ಇಳಿಜಾರನ್ನು ಬುಡದಿಂದ ತುದಿಯವರೆಗೆ ನೋಡಲು ಸಮುದ್ರಕ್ಕಿಂತ ಒಳ್ಳೆಯ ಜಾಗವಿಲ್ಲ.

ಸದ್ದನ್ನೂ ಅಳೆಯಲು ಯತ್ನಿಸಿದೆ. ಮುಂಬದಿಯಲ್ಲಿ ಗಾಳಿಯ ಮೊರೆತ, ಹಿಂಬದಿಯಲ್ಲಿ ಎಂಜಿನ್ನಿನ ಸದ್ದು. ಕೊನೆಗೆ ಮೆಟ್ಟಿಲಿನ ಗೋಡೆಯ ಮರೆಯಲ್ಲಿ ನಿಂತು, ಮೂರನೆಯ ಸ್ಫೋಟದ ಬೆಳಕು ಕಂಡಲ್ಲಿಂದ ಸೆಕೆಂಡುಗಳನ್ನು ಎಣಿಸತೊಡಗಿದೆ. ಹತ್ತಕ್ಕೆ ಬಂದಾಗ, ದೂರದ ಮನೆಯ ಬಾಗಿಲು ಬಡಿದಂಥ ಮಂದವಾದ ಸದ್ದು ಕೇಳಿಸಿತು: ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಲೆಕ್ಕದಲ್ಲಿ ಕುಳಿ ನಮ್ಮಿಂದ ಹೆಚ್ಚುಕಡಿಮೆ ಮೂರೂವರೆ ಕಿಲೋಮೀಟರ್ ದೂರದಲ್ಲಿತ್ತು.