ವಯಸ್ಸಿನ ಕಾಲಂ ತುಂಬುವಾಗ

2011ರ ಫೆಬ್ರುವರಿ 9ರಿಂದ 28ರವರೆಗೆ ನಡೆದ ಜನಗಣತಿಯಲ್ಲಿ ನಾನು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದಕ್ಕೆ ಗಣತಿದಾರನಾಗಿದ್ದೆ. ಶಾಲೆಯಿಂದ ನಿವೃತ್ತನಾದ ಮೇಲೆ ಕೆಲವು ಆರೋಗ್ಯ ಸಮೀಕ್ಷೆಗಳಲ್ಲಿ ಕ್ಷೇತ್ರ ಮೇಲ್ವಿಚಾರಕನಾಗಿ ದುಡಿದೆ. ನಮೂನೆಯ ಪ್ರಶ್ನೆಗಳಲ್ಲಿ ಹೆಚ್ಚು ಹೊತ್ತು ಹಿಡಿಯುತ್ತಿದ್ದದ್ದು ವಯಸ್ಸಿನ ಪ್ರಶ್ನೆ. ಹುಟ್ಟಿದ ದಿನಾಂಕವನ್ನೂ ಮಾರ್ಚ್ 1ಕ್ಕೆ ತುಂಬಿದ ವರ್ಷಗಳನ್ನೂ ಬರೆಯಬೇಕಿತ್ತು. ಜನನ ಮರಣ ನೋಂದಣಿ ಕಾಯ್ದೆ 1969ರಲ್ಲೇ ಬಂದಿದ್ದರೂ ನಡುವಯಸ್ಸು ದಾಟಿದವರ ಬಳಿ ಜನನ ಪತ್ರವನ್ನು ನಾನು ನೋಡಿದ್ದು ತೀರ ಅಪರೂಪ. ಶಾಲೆಗೆ ಹೋದವರ ದಾಖಲೆಯಲ್ಲಿ ಜೂನ್ 1 ಎಂಬ ದಿನಾಂಕ ಸಾಲುಸಾಲಾಗಿ ಸಿಗುತ್ತದೆ; ಅದು ಮಗುವನ್ನು ಒಂದನೇ ತರಗತಿಗೆ ಸೇರಿಸಿಕೊಳ್ಳಲು ಅಂದಾಜಿನಿಂದ ಬರೆದುಕೊಂಡ ದಿನಾಂಕವೇ ಹೊರತು ಹುಟ್ಟಿದ ದಿನವಲ್ಲ.

ಹಾಗಾಗಿ ಗಣತಿಗೆ ಮೊದಲೇ ಊರಿನ ಹಿರಿಯರೊಡನೆ ಕುಳಿತು ಘಟನೆಗಳ ಪಟ್ಟಿಯೊಂದನ್ನು ಮಾಡಿಕೊಂಡೆ. ರಜಾಕಾರರ ಹಾವಳಿ ಮತ್ತು 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು, 1964ರಲ್ಲಿ ನೆಹರೂ ತೀರಿಕೊಂಡದ್ದು, 1972ರ ಬರಗಾಲ, 1984ರಲ್ಲಿ ಇಂದಿರಾ ಗಾಂಧಿಯವರ ಹತ್ಯೆ, 1993ರ ಕಿಲ್ಲಾರಿ ಭೂಕಂಪ ಇವು ಎಲ್ಲರಿಗೂ ನೆನಪಿರುವಂಥವು. ಊರಿಗೆ ಕರೆಂಟು ಬಂದದ್ದು, ಗುಡಿಗೆ ಕಳಸ ಇಟ್ಟದ್ದು ಇಂಥವು ಆ ಊರಿನವೇ ಆದವು, ಮತ್ತು ಹೆಚ್ಚು ನೆರವಾದದ್ದು ಇವುಗಳಿಂದಲೇ.

ಒಂದು ಮನೆಯಲ್ಲಿ ಅಜ್ಜಿಯ ವಯಸ್ಸು ಕೇಳಿದಾಗ "ಅರವತ್ತಂತ ಬರ್ಕೋರಿ ಮಾಸ್ತರ" ಎಂದರು. ಪಕ್ಕದಲ್ಲಿ ಕುಳಿತಿದ್ದ ಹಿರಿಮಗನಿಗೆ ಮೂವತ್ತೈದು ಎಂದರು. ಎರಡೂ ದುಂಡು ಸಂಖ್ಯೆಗಳು. "ರಜಾಕಾರರ ಗದ್ದಲದಾಗ ನೀವು ಎಷ್ಟು ದೊಡ್ಡವ್ರಿದ್ರಿ, ಅವ್ವಾ?" ಎಂದು ಕೇಳಿದೆ. ಮುಂಡರಗಿ ಕಡೆಯ ಶಿಬಿರಕ್ಕೆ ಹೋಗುವಾಗ ತಾಯಿ ತನ್ನನ್ನು ಬಗಲಲ್ಲಿ ಎತ್ತಿಕೊಂಡಿದ್ದಳೆಂದೂ ಇನ್ನೂ ನಡೆಯಲು ಬರುತ್ತಿರಲಿಲ್ಲವೆಂದೂ ಮನೆಯಲ್ಲಿ ಹೇಳುತ್ತಿದ್ದರಂತೆ. ಅಂದರೆ ಹುಟ್ಟಿದ್ದು 1947ರ ಆಸುಪಾಸು, ವಯಸ್ಸು ಅರವತ್ತಮೂರು ಅರವತ್ತನಾಲ್ಕು. ಆಮೇಲೆ ಮಗನ ವಿಷಯ. ಬರಗಾಲದಲ್ಲಿ ಕಲ್ಲು ಒಡೆಯುವ ಕಾಮಗಾರಿಗೆ ಹೋಗುವಾಗ ಅವನು ಸೆರಗು ಹಿಡಿದು ಹಿಂದೆ ಬರುತ್ತಿದ್ದನೆಂದು ಅವರೇ ನೆನಪಿಸಿಕೊಂಡರು. ಮೂವತ್ತೈದೇ ನಿಜವಾದರೆ ಅವನು ಹುಟ್ಟುವುದು 1975ರ ಹೊತ್ತಿಗೆ. ಬರಗಾಲದಲ್ಲಿ ನಡೆದಾಡುವುದು ಸಾಧ್ಯವೇ ಇಲ್ಲ. ಆಗ ನಾಲ್ಕು ವರ್ಷದವನಿದ್ದನೆಂದು ಹಿಡಿದರೆ ಈಗ ನಲವತ್ತೆರಡು. ಅವನಿಗಿಂತ ಮೊದಲು ಹುಟ್ಟಿದವರಿದ್ದರೇ ಎಂದು ಮೆಲ್ಲನೆ ಕೇಳಿದೆ. ಎರಡು ಕೂಸುಗಳು ಉಳಿಯಲಿಲ್ಲ ಎಂದರು. ಆಗ ತಾಯಿ ಮಗನ ನಡುವಿನ ಅಂತರಕ್ಕೆ ಪೂರ್ಣ ಅರ್ಥ ಬಂತು. ಇಂಥ ಪ್ರಶ್ನೆಯನ್ನು ಅವಸರದಲ್ಲಿ, ನಾಲ್ಕು ಜನರ ಮುಂದೆ ಕೇಳಬಾರದು.

ಸೊನ್ನೆ ಮತ್ತು ಐದರಲ್ಲಿ ವಯಸ್ಸುಗಳು ಗುಡ್ಡೆ ಬೀಳುವುದನ್ನು ಅಳೆಯಲು ವಿಪ್ಪಲ್ ಸೂಚ್ಯಂಕವಿದೆ. 23ರಿಂದ 62 ವರ್ಷದವರಲ್ಲಿ ವಯಸ್ಸು ಸೊನ್ನೆ ಅಥವಾ ಐದಕ್ಕೆ ಮುಗಿಯುವವರನ್ನು ಎಣಿಸಿ, ಐದರಿಂದ ಗುಣಿಸಿ, ಆ ಗುಂಪಿನ ಒಟ್ಟು ಜನರಿಂದ ಭಾಗಿಸಿ ನೂರರಿಂದ ಗುಣಿಸಬೇಕು. 400 ಜನರಲ್ಲಿ ಅಂಥವರು 80 ಇದ್ದರೆ ಸೂಚ್ಯಂಕ 100, ಅಂದರೆ ಗುಡ್ಡೆಯಿಲ್ಲ. 140 ಇದ್ದರೆ 175, ಅದನ್ನು ವಿಶ್ವಸಂಸ್ಥೆಯ ಮಾನದಂಡ ತೀರ ಒರಟು ಮಾಹಿತಿ ಎಂದು ಪರಿಗಣಿಸುತ್ತದೆ. ಸಮೀಕ್ಷೆಗಳಲ್ಲಿ ನಾನು ಈ ಲೆಕ್ಕವನ್ನು ಇಡೀ ತಂಡಕ್ಕೆ ಒಟ್ಟಾಗಿ ಮಾಡದೆ ಪ್ರತಿಯೊಬ್ಬ ಸಂದರ್ಶಕರಿಗೂ ಬೇರೆಬೇರೆಯಾಗಿ ಮಾಡುತ್ತಿದ್ದೆ, ಏಕೆಂದರೆ ಒಬ್ಬರ ಆತುರ ಇನ್ನೊಬ್ಬರ ಶ್ರದ್ಧೆಯ ಹಿಂದೆ ಮರೆಯಾಗಿಬಿಡುತ್ತದೆ.

ಆದರೆ ಈ ಸೂಚ್ಯಂಕವನ್ನು ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. ಆಧಾರ್ ಬಂದ ಮೇಲೆ ಸಂದರ್ಶಕರು ಕಾರ್ಡು ನೋಡಿ ವರ್ಷ ಬರೆದುಕೊಳ್ಳತೊಡಗಿದರು, ಸೂಚ್ಯಂಕವೂ ಇಳಿಯತೊಡಗಿತು. ಕಾರ್ಡನ್ನು ಸರಿಯಾಗಿ ನೋಡಿದರೆ ಎಷ್ಟೋ ಕಡೆ ದಿನಾಂಕ ಜನವರಿ 1. ದಾಖಲೆಯಿಲ್ಲದವರು 2012ರಲ್ಲಿ ನೋಂದಣಿಗೆ ಹೋದಾಗ "ನಲವತ್ತು" ಎಂದಿದ್ದರೆ ಹುಟ್ಟಿದ ವರ್ಷ 1972 ಎಂದಾಗಿರುತ್ತದೆ. 2019ರ ಸಮೀಕ್ಷೆಯಲ್ಲಿ ಅದೇ ವ್ಯಕ್ತಿ ನಲವತ್ತೇಳು ವರ್ಷದವರಾಗಿ ಬರುತ್ತಾರೆ. ಗುಡ್ಡೆ ಕರಗಿರುವುದಿಲ್ಲ, ಸೊನ್ನೆಯಿಂದ ಏಳಕ್ಕೆ ಸರಿದಿರುತ್ತದೆ, ಮತ್ತು ವಿಪ್ಪಲ್ ಸೂಚ್ಯಂಕ ಅದನ್ನು ಹಿಡಿಯುವುದಿಲ್ಲ. ಸೊನ್ನೆಯಿಂದ ಒಂಬತ್ತರವರೆಗಿನ ಎಲ್ಲ ಕೊನೆಯ ಅಂಕಿಗಳನ್ನೂ ನೋಡುವ ಮಯರ್ಸ್ ಸೂಚ್ಯಂಕವನ್ನು ಜೊತೆಗೆ ಲೆಕ್ಕ ಹಾಕಲು ಶುರುಮಾಡಿದ್ದು ಇದೇ ಕಾರಣಕ್ಕೆ.

ನನ್ನನ್ನು ಹೆಚ್ಚು ಕಾಡಿದ ತಪ್ಪು ಇನ್ನೊಂದಿದೆ. ಆರೋಗ್ಯ ಸಮೀಕ್ಷೆಗಳಲ್ಲಿ ಮಹಿಳೆಯರ ದೀರ್ಘ ಪ್ರಶ್ನಾವಳಿ 15ರಿಂದ 49 ವರ್ಷದವರಿಗೆ ಮಾತ್ರ. ದಣಿದ ಸಂದರ್ಶಕರು ಹದಿನೈದರ ಹುಡುಗಿಗೆ ಹದಿನಾಲ್ಕು, ನಲವತ್ತೆಂಟರ ಹೆಂಗಸಿಗೆ ಐವತ್ತು ಎಂದು ಬರೆದರೆ ಗಂಟೆಗಟ್ಟಲೆ ಕೆಲಸ ಉಳಿಯುತ್ತದೆ. ದುಂಡು ಸಂಖ್ಯೆಯ ತಪ್ಪನ್ನು ಆಮೇಲೆ ಗಣಿತದಿಂದ ಸ್ವಲ್ಪಮಟ್ಟಿಗೆ ಸರಿಪಡಿಸಬಹುದು; ಗಡಿಯಾಚೆಗೆ ತಳ್ಳಿದ ಹೆಂಗಸು ಮಾತ್ರ ಸಮೀಕ್ಷೆಯಿಂದಲೇ ಹೊರಗುಳಿಯುತ್ತಾಳೆ, ಅವಳ ಹೆರಿಗೆ, ಅವಳು ಕಳೆದುಕೊಂಡ ಕೂಸು ಯಾವುದೂ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೇ ವಾರಕ್ಕೊಮ್ಮೆ ಸಂದರ್ಶಕರವಾರು 13–14 ಮತ್ತು 15–16 ವರ್ಷದ ಹುಡುಗಿಯರ ಸಂಖ್ಯೆಯನ್ನೂ, 48–49 ಮತ್ತು 50–51ರ ಹೆಂಗಸರ ಸಂಖ್ಯೆಯನ್ನೂ ಎದುರುಬದುರು ಇಟ್ಟು ನೋಡುತ್ತಿದ್ದೆ. ಒಬ್ಬರದೇ ಪಟ್ಟಿಯಲ್ಲಿ ಗಡಿಯ ಹೊರಗಿನವರು ಎದ್ದು ಕಂಡರೆ ಆ ಮನೆಗಳಿಗೆ ನಾನೇ ಮತ್ತೆ ಹೋಗುತ್ತಿದ್ದೆ.

ಐದು ವರ್ಷದೊಳಗಿನ ಮಕ್ಕಳದ್ದು ತಿಂಗಳ ಲೆಕ್ಕ. ವಯಸ್ಸಿಗೆ ತಕ್ಕ ಎತ್ತರವಿದೆಯೇ ಎಂದು ನೋಡುವಾಗ ನಾಲ್ಕೈದು ತಿಂಗಳು ಹೆಚ್ಚು ಬರೆದರೆ ಸರಿಯಾಗಿ ಬೆಳೆದ ಮಗುವೂ ಕುಂಠಿತ ಬೆಳವಣಿಗೆಯದೆಂದು ದಾಖಲಾಗಬಹುದು. ತಾಯಿ ಕಾರ್ಡು, ಅಂಗನವಾಡಿ ರಿಜಿಸ್ಟರು ಇಲ್ಲದಿದ್ದರೆ ಹುಟ್ಟಿದ್ದು ಕಾರಹುಣ್ಣಿಮೆಯ ಮುಂಚೆಯೋ ಆಮೇಲೋ, ಸೀಗಿ ಹುಣ್ಣಿಮೆಯೊಳಗೋ, ಎಳ್ಳಮಾವಾಸ್ಯೆ ಕಳೆದ ಮೇಲೋ ಎಂದು ಕೇಳಿದರೆ ತಾಯಂದಿರು ತಡವರಿಸದೆ ಹೇಳುತ್ತಾರೆ.

2027ರ ಜನಗಣತಿ ಮೊಬೈಲಿನಲ್ಲಿ ನಡೆಯಲಿದೆ. ತಾಯಿ ಮಗನಿಗಿಂತ ಎಂಟೇ ವರ್ಷ ದೊಡ್ಡವಳೆಂದು ಬರೆದರೆ ಎಚ್ಚರಿಸುವಂತೆ ಆ್ಯಪನ್ನು ಸಿದ್ಧಪಡಿಸುವುದು ಕಷ್ಟವಲ್ಲ. ಆದರೆ ಏಳು ವರ್ಷ ಕಡಿಮೆ ಹೇಳಿದ ವಯಸ್ಸು ಅದಕ್ಕೆ ಸಹಜವಾಗಿಯೇ ಕಾಣುತ್ತದೆ. ಆದ್ದರಿಂದ ಪ್ರತಿ ತಾಲ್ಲೂಕಿಗೂ ಘಟನೆಗಳ ಪಟ್ಟಿಯನ್ನು ಮುದ್ರಿಸಿ ತರಬೇತಿಯಲ್ಲೇ ಗಣತಿದಾರರ ಕೈಗೆ ಕೊಡಬೇಕು, ಅದರ ಕೆಳಗೆ ಊರಿನದೇ ಆದ ಘಟನೆಗಳನ್ನು ಬರೆದುಕೊಳ್ಳಲು ಜಾಗ ಬಿಡಬೇಕು, ಮತ್ತು ಆ ಜಾಗ ತುಂಬಿದೆಯೇ ಎಂದು ಎಣಿಕೆ ಶುರುವಾಗುವ ಮುನ್ನ ಮೇಲ್ವಿಚಾರಕರು ನೋಡಬೇಕು.